ಹೃದಯದ ಮಾತ್ರೆಯೂ ಗ್ಯಾಸ್ಟ್ರಿಕ್ ಮಾತ್ರೆಯೂ ಒಂದೇ ಡಬ್ಬದಲ್ಲಿ



ಸಂಘದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಅಂತ ಒಂದು ಕಾಲಂ ಇರುತ್ತದೆ. ಹಿಂದೆಲ್ಲ ಅಲ್ಲಿ ಹಸು ಖರೀದಿ, ಹೊಲಿಗೆ ಯಂತ್ರ, ಮಕ್ಕಳ ಫೀಸು, ಮನೆ ರಿಪೇರಿ ಎಂದು ಬರೆದಿರುತ್ತಿತ್ತು. ಈಗ ಲೆಕ್ಕ ನೋಡಲು ಕುಳಿತಾಗ ‘ಗಂಡನ ಹಾರ್ಟ್ ಆಪರೇಷನ್’, ‘ಅತ್ತೆಗೆ ಸ್ಟೆಂಟ್’ ಎಂಬ ಬರಹ ಆಗಾಗ ನಮ್ಮ ಕಣ್ಣಿಗೆ ಬೀಳುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು, 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯೂ ಬಂತು. ಆದರೂ ಓಡಾಟ, ಟೆಸ್ಟು, ಕೂಲಿ ತಪ್ಪಿದ ದಿನಗಳು ಎಲ್ಲ ಸೇರಿ ಸಾಲ ಆಗಿಯೇ ಆಗುತ್ತದೆ. ಅದನ್ನು ವಾರವಾರ ಕಂತು ಕಟ್ಟಿ ತೀರಿಸುವವರು ನೀವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತ್ರೆ ಡಬ್ಬ ಇಟ್ಟುಕೊಂಡು, ಬೆಳಿಗ್ಗೆ ಇದು ರಾತ್ರಿ ಅದು ಎಂದು ನೆನಪಿಟ್ಟು ಕೊಡುವವರೂ ನೀವೇ. ಆದ್ದರಿಂದ ಈ ಸಲದ ಆರೋಗ್ಯ ಮಾಹಿತಿಯನ್ನು ರೋಗಿಗಳಿಗಲ್ಲ, ಮಾತ್ರೆ ಡಬ್ಬ ನೋಡಿಕೊಳ್ಳುವವರಿಗೆ ಬರೆಯುತ್ತಿದ್ದೇವೆ.

ಮನೆಭೇಟಿಗೆ ಹೋದಾಗ ನಾವು ಆ ಡಬ್ಬ ತೆರೆಸಿ ನೋಡುವುದುಂಟು. ಹೆಚ್ಚಿನ ಕಡೆ ಅದರಲ್ಲಿ ಇರುವುದು ಇಷ್ಟು: ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಅದೇ ಕೆಲಸಕ್ಕೆ ಕ್ಲೋಪಿಡೋಗ್ರೆಲ್, ಕೊಲೆಸ್ಟರಾಲ್‌ಗೆ ಒಂದು, ಬಿ.ಪಿ.ಗೆ ಒಂದೋ ಎರಡೋ, ಕೆಲವರಿಗೆ ಶುಗರ್ ಮಾತ್ರೆ. ಅದರ ಜೊತೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆಯ ಸ್ಟ್ರಿಪ್. ಈ ಕೊನೆಯದು ಕೆಲವೊಮ್ಮೆ ಡಾಕ್ಟರು ಬರೆದದ್ದು, ಕೆಲವೊಮ್ಮೆ ಮೆಡಿಕಲ್ ಶಾಪಿನಲ್ಲಿ ‘ಎದೆ ಉರಿ, ಏನಾದ್ರೂ ಕೊಡಪ್ಪಾ’ ಎಂದು ಕೇಳಿ ತಂದದ್ದು. ಪಕ್ಕದ ಮನೆಯವರು ಕೊಟ್ಟದ್ದನ್ನೂ ನೋಡಿದ್ದೇವೆ. ಗ್ಯಾಸ್ಟ್ರಿಕ್ ಮಾತ್ರೆ ಅಂದರೆ ನಮಗೆ ಔಷಧಿ ಅಂತಲೇ ಅನಿಸುವುದಿಲ್ಲ, ಶುಂಠಿ ಜೀರಿಗೆ ಇದ್ದಹಾಗೆ!

ಆದರೆ ಹೃದಯದ ಕ್ಲೋಪಿಡೋಗ್ರೆಲ್ ಮಾತ್ರೆಯ ಜೊತೆಗೆ ಎಲ್ಲ ಗ್ಯಾಸ್ಟ್ರಿಕ್ ಮಾತ್ರೆಗಳೂ ಹೊಂದುವುದಿಲ್ಲ. ಮುಖ್ಯವಾಗಿ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಎಂಬ ಎರಡು. ಇವು ಹೃದಯದ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತವೆ. ಹೇಗೆ, ಎಷ್ಟು, ಅದಕ್ಕೆ ನಾವೇನು ಮಾಡಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಓದುವ ಮೊದಲೇ ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇವೆ. ಈ ಪತ್ರ ಓದಿದ ಕೂಡಲೇ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಹೃದಯದ್ದಂತೂ ಒಂದು ದಿನವೂ ಬಿಡಬೇಡಿ.

ಹೃದಯದ ಮಾತ್ರೆ ಮಾಡುವ ಕೆಲಸ

ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಸ್ವಲ್ಪ ಹೊತ್ತಿಗೆ ರಕ್ತ ತಾನೇ ನಿಲ್ಲುತ್ತದಲ್ಲ, ಅದನ್ನು ನಿಲ್ಲಿಸುವುದರಲ್ಲಿ ಮೊದಲು ಓಡಿಬರುವವು ಪ್ಲೇಟ್‌ಲೆಟ್‌ಗಳು. ಡೆಂಗ್ಯೂ ಜ್ವರದಲ್ಲಿ ‘ಪ್ಲೇಟ್‌ಲೆಟ್ ಇಳಿದುಹೋಯ್ತು’ ಎಂದು ಹೇಳುತ್ತಾರಲ್ಲ, ಅವೇ. ಗಾಯ ಕಂಡಲ್ಲಿ ಇವು ಒಂದಕ್ಕೊಂದು ಅಂಟಿಕೊಂಡು ಮುಚ್ಚಳ ಹಾಕುತ್ತವೆ. ಬೆರಳಿನಲ್ಲಿ ಇದು ಉಪಕಾರ. ಹೃದಯದ ರಕ್ತನಾಳದ ಒಳಗೆ ಕೊಬ್ಬು ಕಟ್ಟಿದ ಜಾಗ ಒಡೆದಾಗ ಅಲ್ಲಿಯೂ ಇವು ಹೀಗೇ ಮುಚ್ಚಳ ಹಾಕಿದರೆ ನಾಳವೇ ಮುಚ್ಚಿಹೋಗುತ್ತದೆ. ಅದೇ ಹಾರ್ಟ್ ಅಟ್ಯಾಕ್. ಮೆದುಳಿನ ನಾಳದಲ್ಲಿ ಆದರೆ ಲಕ್ವ.

ಸ್ಟೆಂಟ್ ಎಂದರೆ ನಾಳವನ್ನು ತೆರೆದಿಡುವ ಸಣ್ಣ ಲೋಹದ ಜಾಲರಿ. ದೇಹಕ್ಕೆ ಅದು ಹೊರಗಿನ ವಸ್ತು. ನಾಳದ ಒಳಪದರ ಬೆಳೆದು ಆ ಜಾಲರಿಯನ್ನು ಮುಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಪ್ಲೇಟ್‌ಲೆಟ್‌ಗಳು ಅದರ ಮೇಲೆ ಮೆತ್ತಿಕೊಳ್ಳದಂತೆ ಕಾಯಬೇಕು. ಅದಕ್ಕಾಗಿಯೇ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಕೊಡುತ್ತಾರೆ. ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಎರಡೂ, ಆಮೇಲೆ ಹೆಚ್ಚಿನವರಿಗೆ ಒಂದನ್ನು ಮುಂದುವರಿಸುತ್ತಾರೆ. ಯಾರಿಗೆ ಎಷ್ಟು ಕಾಲ ಎಂಬುದನ್ನು ಹೃದಯದ ಡಾಕ್ಟರೇ ಹೇಳಬೇಕು.

ಭತ್ತ, ಮಿಲ್ಲು, ಅಕ್ಕಿ

ಕ್ಲೋಪಿಡೋಗ್ರೆಲ್ ಮಾತ್ರೆಯ ಒಂದು ವಿಶೇಷ ಬಹಳ ಜನರಿಗೆ ಗೊತ್ತಿಲ್ಲ. ನುಂಗಿದ ಹಾಗೆಯೇ ಅದು ಕೆಲಸ ಮಾಡುವುದಿಲ್ಲ. ಅದು ಭತ್ತ ಇದ್ದಹಾಗೆ. ಭತ್ತವನ್ನು ಹಾಗೇ ಬೇಯಿಸಿ ಉಣ್ಣಲಾಗುವುದಿಲ್ಲವಲ್ಲ, ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬರಬೇಕು. ಈ ಮಾತ್ರೆಗೆ ಮಿಲ್ಲು ಅಂದರೆ ನಮ್ಮ ಲಿವರ್, ಯಕೃತ್ತು. ಅಲ್ಲಿ ಕಿಣ್ವಗಳೆಂಬ ರಾಸಾಯನಿಕಗಳು ಮಾತ್ರೆಯನ್ನು ಬದಲಾಯಿಸಿದ ಮೇಲೆಯೇ ಅದು ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸಬಲ್ಲದು. ಅದರಲ್ಲೂ ದೇಹಕ್ಕೆ ಸೇರಿದ ಔಷಧದಲ್ಲಿ 100ಕ್ಕೆ ಸುಮಾರು 85 ಭಾಗ ಹೊಟ್ಟಿನಂತೆ ವ್ಯರ್ಥವಾಗಿ ಹೋಗುತ್ತದೆ. 15 ಭಾಗದಷ್ಟು ಮಾತ್ರ ಅಕ್ಕಿಯಾಗುವ ದಾರಿ ಹಿಡಿಯುತ್ತದೆ. ಇರುವುದೇ ಅಷ್ಟು ಕಡಿಮೆ.

ಈಗ ಒಮೆಪ್ರಜೋಲ್ ಕಡೆ ಬನ್ನಿ. ಇದು 1988ರಲ್ಲಿ ಮಾರುಕಟ್ಟೆಗೆ ಬಂದ ಔಷಧ. ಹೊಟ್ಟೆಯ ಗೋಡೆಯಲ್ಲಿ ಆಮ್ಲ ಸುರಿಯುವ ಪಂಪುಗಳಿರುತ್ತವೆ, ಅವನ್ನು ಅದು ಬಂದ್ ಮಾಡುತ್ತದೆ. ಹುಣ್ಣು ವಾಸಿ ಮಾಡುವುದರಲ್ಲಿ ಬಹಳ ಒಳ್ಳೆಯ ಮಾತ್ರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೂ ಯಕೃತ್ತಿನ ಅದೇ ಮಿಲ್ಲಿಗೆ ಹೋಗಿ ನಿಲ್ಲುತ್ತದೆ. ನಿಂತದ್ದು ಮಾತ್ರವಲ್ಲ, ಯಂತ್ರಕ್ಕೇ ಅಡ್ಡ ಕೂರುತ್ತದೆ. ಆಗ ನಮ್ಮ ಕ್ಲೋಪಿಡೋಗ್ರೆಲ್ ಭತ್ತ ಪೂರ್ತಿ ಅಕ್ಕಿಯಾಗುವುದಿಲ್ಲ. ರೋಗಿ ದಿನಾ ಮಾತ್ರೆ ನುಂಗುತ್ತಿರುತ್ತಾನೆ, ಡಬ್ಬದಲ್ಲಿ ಲೆಕ್ಕ ಸರಿಯಾಗಿರುತ್ತದೆ, ಒಳಗೆ ರಕ್ಷಣೆ ಮಾತ್ರ ಕಡಿಮೆ. ಹೊರಗೆ ಇದರ ಒಂದು ಗುರುತೂ ಕಾಣುವುದಿಲ್ಲ. ತಲೆ ಸುತ್ತುವುದಿಲ್ಲ, ವಾಂತಿಯಿಲ್ಲ, ಕಜ್ಜಿಯಿಲ್ಲ. ಎದೆ ಉರಿ ನಿಂತು ಆರಾಮಾಗಿಯೇ ಇರುತ್ತದೆ.

‘ಹಾಗಾದರೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಕೊಟ್ಟರೆ ಆಯ್ತಲ್ಲ ಸಿಸ್ಟರ್’ ಎಂದು ಬುದ್ಧಿವಂತ ಸದಸ್ಯೆಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ 12 ಗಂಟೆ ಅಂತರ ಕೊಟ್ಟರೂ ಈ ಅಡ್ಡಿ ಹೋಗುವುದಿಲ್ಲ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಹೊತ್ತು ಬದಲಾಯಿಸಿ ಪ್ರಯೋಜನವಿಲ್ಲ, ಮಾತ್ರೆಯೇ ಬದಲಾಗಬೇಕು.

ಇನ್ನೊಂದು ಸಂಗತಿ. ಕೆಲವರಿಗೆ ಈ ಮಿಲ್ಲು ಹುಟ್ಟಿನಿಂದಲೇ ನಿಧಾನ. ಅದು ತಂದೆತಾಯಿಯಿಂದ ಬರುವ ಗುಣ, ಯಾರ ತಪ್ಪೂ ಅಲ್ಲ. ಯುರೋಪಿನವರಿಗಿಂತ ನಮ್ಮ ಏಷ್ಯಾದ ಜನರಲ್ಲಿ ಇದು ಹೆಚ್ಚು. ಅಂಥವರಿಗೆ ಕ್ಲೋಪಿಡೋಗ್ರೆಲ್ ಸರಿಯಾಗಿ ಹತ್ತದೇ ಹೋಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2010ರಲ್ಲಿ ದೊಡ್ಡ ಎಚ್ಚರಿಕೆ ಕೊಟ್ಟಿತು. ಹುಟ್ಟಿನಿಂದ ಅರ್ಧ ವೇಗದ ಮಿಲ್ಲಿಗೆ ನಾವು ಮೇಲಿಂದ ಒಮೆಪ್ರಜೋಲ್ ಅಡ್ಡ ಇಟ್ಟರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಇದು ಎಷ್ಟು ದೊಡ್ಡ ಅಪಾಯ?

ಇಲ್ಲಿ ನಾವು ಪೂರ್ತಿ ಸತ್ಯ ಹೇಳಬೇಕು. ಹೆದರಿಸಿ ಬುದ್ಧಿ ಹೇಳುವ ಪದ್ಧತಿ ನಮಗೆ ಹಿಡಿಸುವುದಿಲ್ಲ.

2009ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಗಳಿಂದ 8,205 ಹೃದ್ರೋಗಿಗಳ ಲೆಕ್ಕ ತೆಗೆದರು. ಕ್ಲೋಪಿಡೋಗ್ರೆಲ್ ಜೊತೆ ಆಮ್ಲದ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 30 ಜನ ತೀರಿಕೊಂಡಿದ್ದರು ಅಥವಾ ಮತ್ತೆ ಹೃದಯದ ತೊಂದರೆಯಿಂದ ಆಸ್ಪತ್ರೆಗೆ ಸೇರಿದ್ದರು. ಆಮ್ಲದ ಮಾತ್ರೆ ಇಲ್ಲದವರಲ್ಲಿ 100ಕ್ಕೆ ಸುಮಾರು 21. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಇಲಾಖೆ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್ ಬೇಡ ಎಂದು ಸೂಚನೆ ಹೊರಡಿಸಿತು. ಯುರೋಪಿನ ಔಷಧ ಸಂಸ್ಥೆಯೂ ಎಚ್ಚರಿಸಿತು. ಮೊದಲು ಎಲ್ಲ ಆಮ್ಲದ ಮಾತ್ರೆಗಳ ಬಗ್ಗೆ ಹೇಳಿದವರು 2010ರಲ್ಲಿ ಅದನ್ನು ಒಮೆಪ್ರಜೋಲ್, ಎಸೊಮೆಪ್ರಜೋಲ್ ಎರಡಕ್ಕೆ ಇಳಿಸಿದರು.

ಆದರೆ ದಾಖಲೆ ನೋಡಿ ಮಾಡುವ ಲೆಕ್ಕದಲ್ಲಿ ಒಂದು ತೊಡಕಿದೆ. ಆಮ್ಲದ ಮಾತ್ರೆ ಯಾರಿಗೆ ಕೊಡುತ್ತಾರೆ? ವಯಸ್ಸಾದವರಿಗೆ, ಹೆಚ್ಚು ಕಾಯಿಲೆ ಇರುವವರಿಗೆ. ಅವರಿಗೆ ತೊಂದರೆ ಹೆಚ್ಚಾಗಿದ್ದು ಮಾತ್ರೆಯಿಂದಲೋ ಕಾಯಿಲೆಯಿಂದಲೋ? ಇದನ್ನು ತಿಳಿಯಲು ಇನ್ನೊಂದು ಪ್ರಯೋಗ ನಡೆಯಿತು, 2010ರಲ್ಲಿ ಅದರ ಫಲಿತಾಂಶ ಬಂತು. 3,761 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್, ಇನ್ನೊಂದಕ್ಕೆ ಕ್ಲೋಪಿಡೋಗ್ರೆಲ್ ಮಾತ್ರ ಕೊಟ್ಟರು. ಆಸ್ಪಿರಿನ್ ಎಲ್ಲರಿಗೂ ಇತ್ತು. ಹೊಟ್ಟೆ ಕರುಳಿನ ರಕ್ತಸ್ರಾವ, ಹುಣ್ಣು ಮುಂತಾದ ತೊಂದರೆ ಒಮೆಪ್ರಜೋಲ್ ಇಲ್ಲದವರಲ್ಲಿ 100ಕ್ಕೆ ಸುಮಾರು 3, ಇದ್ದವರಲ್ಲಿ 1. ಹೃದಯದ ತೊಂದರೆ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಹಣ ಕೊಡುತ್ತಿದ್ದವರು ನಡುವೆ ನಿಲ್ಲಿಸಿದ್ದರಿಂದ ಆ ಪ್ರಯೋಗ ಅರ್ಧಕ್ಕೇ ಮುಗಿಯಿತು. ಹಾಗಾಗಿ ಸಣ್ಣ ಅಪಾಯವಿದ್ದರೆ ಅದು ಕಾಣದೇ ಹೋಗಿರಬಹುದು.

ಹೀಗಾಗಿ ಡಾಕ್ಟರುಗಳಲ್ಲೂ ಎರಡು ಅಭಿಪ್ರಾಯವಿದೆ. ಕೆಲವರು ‘ಅಷ್ಟೇನೂ ಇಲ್ಲ ಬಿಡಮ್ಮ’ ಎನ್ನಬಹುದು. ಹಾಗಂದ ಮಾತ್ರಕ್ಕೆ ಅವರಿಗೆ ತಿಳಿದಿಲ್ಲ ಎಂದು ಅರ್ಥವಲ್ಲ. ನಮ್ಮ ಮಟ್ಟಿಗೆ ಲೆಕ್ಕ ಸುಲಭ. ರಕ್ತ ಪರೀಕ್ಷೆಯಲ್ಲಿ ಮಾತ್ರೆಯ ಶಕ್ತಿ ಕುಂದುವುದು ನಿಜ. ಅದರಿಂದ ಎಷ್ಟು ಜನರಿಗೆ ಅಟ್ಯಾಕ್ ಆಗುತ್ತದೆ ಎಂಬುದರಲ್ಲಿ ಮಾತ್ರ ವಾದ. ಅಡ್ಡಿ ಮಾಡದ ಬೇರೆ ಗ್ಯಾಸ್ಟ್ರಿಕ್ ಮಾತ್ರೆ ಅದೇ ಅಂಗಡಿಯಲ್ಲಿ, ಹೆಚ್ಚು ವ್ಯತ್ಯಾಸವಿಲ್ಲದ ಬೆಲೆಗೆ ಸಿಗುವಾಗ ಆ ವಾದ ಮುಗಿಯುವವರೆಗೆ ನಮ್ಮ ಮನೆಯವರ ಎದೆಯನ್ನು ಯಾಕೆ ಪಣಕ್ಕಿಡಬೇಕು?

ಸ್ಟ್ರಿಪ್ ಓದುವುದು ಹೇಗೆ

ಮಾತ್ರೆಗೆ ಎರಡು ಹೆಸರು. ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಒಳಗಿರುವ ಔಷಧದ ಹೆಸರು. ಮನೆಯಲ್ಲಿ ಚಿನ್ನು, ರೇಷನ್ ಕಾರ್ಡಿನಲ್ಲಿ ಬೇರೆ ಹೆಸರು ಇದ್ದಹಾಗೆ. ನಮಗೆ ಬೇಕಾದದ್ದು ರೇಷನ್ ಕಾರ್ಡಿನ ಹೆಸರು. ಅದನ್ನು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಬೇಕೆಂದು 2018ರಿಂದ ನಿಯಮವಿದೆ. ಬರಹ ಇಂಗ್ಲಿಷಿನಲ್ಲಿರುತ್ತದೆ, ಹೈಸ್ಕೂಲಿಗೆ ಹೋಗುವ ಮಗಳೋ ಮೊಮ್ಮಗನೋ ಓದಿ ಹೇಳಲಿ. ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆಸಿ ಡಬ್ಬದ ಮುಚ್ಚಳಕ್ಕೆ ಅಂಟಿಸಿಕೊಳ್ಳಿ.

ಕ್ಲೋಪಿಲೆಟ್, ಡೆಪ್ಲಾಟ್, ಕ್ಲಾವಿಕ್ಸ್, ಪ್ಲಾವಿಕ್ಸ್ ಇವೆಲ್ಲ ಕ್ಲೋಪಿಡೋಗ್ರೆಲ್. ಸಾಮಾನ್ಯವಾಗಿ 75 ಮಿ.ಗ್ರಾಂ. ಹೆಸರಿನ ಮುಂದೆ ‘ಎ’ ಅಕ್ಷರವಿದ್ದರೆ ಆಸ್ಪಿರಿನ್ನೂ ಸೇರಿದೆ ಎಂದು ಹೆಚ್ಚಾಗಿ ಅರ್ಥ. ಇಕೋಸ್ಪ್ರಿನ್ ಎಂಬುದು ಆಸ್ಪಿರಿನ್. ಜನೌಷಧಿ ಕೇಂದ್ರದಲ್ಲಿ ತಂದರೆ ಕಂಪನಿ ಹೆಸರಿನ ಗೊಂದಲವೇ ಇಲ್ಲ, ಔಷಧದ ಹೆಸರೇ ಇರುತ್ತದೆ, ದುಡ್ಡೂ ಉಳಿಯುತ್ತದೆ.

ಇನ್ನು ಗ್ಯಾಸ್ಟ್ರಿಕ್ ಮಾತ್ರೆ. ಓಮೆಜ್ ಎಂದರೆ ಒಮೆಪ್ರಜೋಲ್. ನೆಕ್ಸ್‌ಪ್ರೋ ಎಂದರೆ ಎಸೊಮೆಪ್ರಜೋಲ್. ಕ್ಲೋಪಿಡೋಗ್ರೆಲ್ ಇರುವ ಡಬ್ಬದಲ್ಲಿ ಈ ಎರಡರಲ್ಲಿ ಒಂದು ಕಂಡರೆ ಡಾಕ್ಟರನ್ನು ಕೇಳಲೇಬೇಕು. ಪ್ಯಾನ್, ಪ್ಯಾಂಟೋಸಿಡ್ ಎಂಬುವು ಪ್ಯಾಂಟೊಪ್ರಜೋಲ್. ಅದು ಅದೇ ಜಾತಿಯದಾದರೂ ಆ ಮಿಲ್ಲಿಗೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಹೃದ್ರೋಗಿಗಳಿಗೆ ಬಹಳ ಡಾಕ್ಟರುಗಳು ಬರೆಯುವುದು ಇದನ್ನೇ. ಫ್ಯಾಮೊಟಿಡಿನ್ ಎಂಬುದು ಬೇರೆ ಜಾತಿ, ಅದರಿಂದಲೂ ಕ್ಲೋಪಿಡೋಗ್ರೆಲ್‌ಗೆ ತೊಂದರೆಯಿಲ್ಲ, ಆದರೆ ಹುಣ್ಣು ತಡೆಯುವ ಶಕ್ತಿ ಸ್ವಲ್ಪ ಕಡಿಮೆ. ಹಿಂದೆ ಎಲ್ಲರ ಮನೆಯಲ್ಲೂ ಇದ್ದ ರ‍್ಯಾನಿಟಿಡಿನ್ ಅನ್ನು 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ ತೆಗೆದಿದ್ದಾರೆ. ಹಳೆಯ ಸ್ಟ್ರಿಪ್ ಹುಡುಕಿ ಕೊಡಲು ಹೋಗಬೇಡಿ.

ಹೆಸರಿನ ಕೊನೆಗೆ ‘ಡಿ’ ಇದ್ದರೆ ಅದನ್ನೂ ಗಮನಿಸಿ. ಓಮೆಜ್-ಡಿ, ಪ್ಯಾನ್-ಡಿ ಹೀಗೆ. ‘ಡಿ’ ಅಂದರೆ ಡೊಂಪೆರಿಡೋನ್, ವಾಂತಿ, ಹೊಟ್ಟೆಯುಬ್ಬರಕ್ಕೆ ಸೇರಿಸಿರುತ್ತಾರೆ. ಇದು ಕೆಲವರಲ್ಲಿ ಹೃದಯದ ಬಡಿತದ ಲಯ ತಪ್ಪಿಸುತ್ತದೆ ಎಂದು 2014ರಲ್ಲಿ ಯುರೋಪಿನಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದರು. ಹೃದಯದ ಕಾಯಿಲೆ ಇರುವವರಿಗೆ ಕೊಡಬಾರದೆಂದೂ ಹೇಳಿದರು. ನಮ್ಮಲ್ಲಿ ‘ಡಿ ಇರೋದು ಸ್ಟ್ರಾಂಗು’ ಎಂದು ಕೇಳಿ ತರುವವರಿದ್ದಾರೆ. ಹೃದ್ರೋಗಿಗೆ ಡಾಕ್ಟರು ಬರೆಯದೆ ‘ಡಿ’ ಬೇಡ.

ನೀರಿಗೆ ಹಾಕಿದರೆ ಬುಸ್ಸೆನ್ನುವ ಸೋಡಾ ಪುಡಿಯಲ್ಲಿ ಉಪ್ಪಿನಂಶ ಬಹಳ. ಬಿ.ಪಿ. ಇರುವವರು, ಕಾಲು ಊದಿಕೊಳ್ಳುವವರು ಅದನ್ನು ದಿನಾ ಕುಡಿಯುವುದು ಒಳ್ಳೆಯದಲ್ಲ.

ಹಾಗೆಂದು ಗ್ಯಾಸ್ಟ್ರಿಕ್ ಮಾತ್ರೆ ಬಿಡುವುದೇ?

ಬಿಡಬಾರದು. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸುರಿಯುವ ಭಯ ನಿಜವಾಗಿಯೂ ಇದೆ. ವಯಸ್ಸು 65 ದಾಟಿದವರಿಗೆ, ಹಿಂದೆ ಹುಣ್ಣಾದವರಿಗೆ, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಅವರಿಗೆ ಆಮ್ಲ ತಗ್ಗಿಸುವ ಮಾತ್ರೆ ಬೇಕೇ ಬೇಕು. ನಮಗೆ ತಿಳಿದ ಒಬ್ಬ ಅಜ್ಜಿ ‘ಇಷ್ಟೊಂದು ಮಾತ್ರೆ ಯಾಕೆ’ ಎಂದು ಹೊಟ್ಟೆಯದ್ದನ್ನು ಮಾತ್ರ ಬಿಟ್ಟರು. ಕೆಲವು ವಾರಗಳಲ್ಲಿ ಮಲ ಡಾಂಬರಿನಂತೆ ಕಪ್ಪಾಯಿತು, ಸುಸ್ತು ಹೆಚ್ಚಾಯಿತು. ಮನೆಯವರು ಬಿಸಿಲಿಗೆ ಎಂದುಕೊಂಡರು. ಆಸ್ಪತ್ರೆಗೆ ಒಯ್ಯುವಾಗ ರಕ್ತ ಏರಿಸಬೇಕಾದಷ್ಟು ಇಳಿದಿತ್ತು. ಮಲ ಕಪ್ಪಾಗಿ ಅಂಟಂಟಾದರೆ, ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಕಂಡರೆ ಅದು ಒಳಗಿನ ರಕ್ತ ಎಂದು ತಿಳಿಯಿರಿ, ಅದೇ ದಿನ ಹೊರಡಿ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುವುದುಂಟು, ಅದನ್ನು ಡಾಕ್ಟರಿಗೆ ಹೇಳಿ.

ಇನ್ನೊಂದು ಮನೆಯಲ್ಲಿ ಇದರ ಉಲ್ಟಾ ಆಯಿತು. ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳು. ‘ಈ ಹಾರ್ಟಿನ ಮಾತ್ರೆಯಿಂದಲೇ ಹೊಟ್ಟೆ ಉರಿಯೋದು’ ಎಂದು ಯಾರೋ ಹೇಳಿದ್ದಕ್ಕೆ ಯಜಮಾನರು ಕ್ಲೋಪಿಡೋಗ್ರೆಲ್ ಬಿಟ್ಟರು. ಹೆಂಡತಿಗೆ ಹೇಳಲೂ ಇಲ್ಲ, ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಹಿತ್ತಲಲ್ಲಿ ಉಗುಳುತ್ತಿದ್ದರಂತೆ. ಸ್ಟೆಂಟಿನಲ್ಲಿ ಮತ್ತೆ ಹೆಪ್ಪುಗಟ್ಟಿತು. ಬದುಕಿದರು, ಆದರೆ ಈಗ ಹೊಲಕ್ಕೆ ಹೋಗುವ ಶಕ್ತಿಯಿಲ್ಲ. ಸಂಘದ ಸಾಲ ಇನ್ನೂ ನಡೆಯುತ್ತಿದೆ, ಕಂತು ಆಕೆಯೇ ಕಟ್ಟುತ್ತಿದ್ದಾರೆ. ಒಮೆಪ್ರಜೋಲ್ ಸೇರಿದರೆ ಕ್ಲೋಪಿಡೋಗ್ರೆಲ್ ಶಕ್ತಿ ಸ್ವಲ್ಪ ಕುಂದುತ್ತದೆ. ಕ್ಲೋಪಿಡೋಗ್ರೆಲ್ ಬಿಟ್ಟರೆ ಶಕ್ತಿ ಪೂರ್ತಿ ಹೋಗುತ್ತದೆ. ಯಾವುದು ದೊಡ್ಡ ಅಪಾಯ ಎಂದು ಬೇರೆ ಹೇಳಬೇಕಿಲ್ಲ. ಹಲ್ಲು ಕೀಳಿಸುವಾಗ, ಸಣ್ಣ ಆಪರೇಷನ್ ಇರುವಾಗಲೂ ‘ರಕ್ತ ತೆಳು ಮಾಡುವ ಮಾತ್ರೆ ಇದೆ’ ಎಂದು ಮೊದಲೇ ತಿಳಿಸಿ. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಹೃದಯದ ಡಾಕ್ಟರ ಹತ್ತಿರ ಕೇಳಿ.

ಉರಿ ಯಾಕೆ ಬಂತು ಎಂದೂ ನೋಡಬೇಕು

ಮಂಡಿ ನೋವು, ಸೊಂಟ ನೋವು ಎಂದು ಅಂಗಡಿಯಿಂದ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಮಾತ್ರೆಗಳು ಹೊಟ್ಟೆಯ ದೊಡ್ಡ ಶತ್ರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಕೆಲಸಕ್ಕೇ ಅಡ್ಡ ಬರುತ್ತದೆ. ಕೆಲವು ನೋವಿನ ಮಾತ್ರೆಗಳ ಒಳಗೇ ಗ್ಯಾಸ್ಟ್ರಿಕ್ ಔಷಧವನ್ನೂ ಸೇರಿಸಿರುತ್ತಾರೆ. ‘ಇದರಲ್ಲಿ ಎರಡೂ ಇದೆ, ಹೊಟ್ಟೆಗೆ ಏನೂ ಆಗಲ್ಲ’ ಎಂದು ಕೊಟ್ಟರೆ ನಂಬಿ ತರಬೇಡಿ. ಹೃದ್ರೋಗಿಗೆ ನೋವಿದ್ದರೆ ಪ್ಯಾರಾಸಿಟಮಾಲ್ ಸಾಕೇ ಎಂದು ಮೊದಲು ಡಾಕ್ಟರನ್ನು ಕೇಳಿ.

ಎಲೆಅಡಿಕೆ ಜೊತೆ ಹೊಗೆಸೊಪ್ಪು, ಬೀಡಿ, ಸಾರಾಯಿ, ಬರೀ ಹೊಟ್ಟೆಗೆ ಮೇಲಿಂದ ಮೇಲೆ ಟೀ ಇವನ್ನು ಬಿಡದೆ ಮಾತ್ರೆ ಮಾತ್ರ ಬದಲಾಯಿಸಿದರೆ ಉರಿ ನಿಲ್ಲುವುದಿಲ್ಲ. ಹೆಣ್ಣುಮಕ್ಕಳ ವಿಷಯ ಇನ್ನೊಂದು: ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಬಡಿಸಿ, ಹನ್ನೊಂದಕ್ಕೆ ತಣ್ಣಗಿನದು ತಿಂದು, ಮಾತ್ರೆಯನ್ನು ನೆನಪಾದಾಗ ನುಂಗುವುದು. ಆಮ್ಲದ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಒಳ್ಳೆಯದು. ಊಟವೇ ಹೊತ್ತಿಗೆ ಇಲ್ಲದಿದ್ದರೆ ಏನು ಮಾಡುವುದು?

ಗ್ಯಾಸ್ ಎಂದುಕೊಂಡ ಎದೆನೋವು

ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ ಎಂದು ಓಮೆಜ್ ಕೊಟ್ಟು ಮಲಗಿಸಬೇಡಿ. ಇಲ್ಲಿ ಆ ಮಾತ್ರೆ ಎರಡು ಸಲ ಕೆಡುಕು ಮಾಡುತ್ತದೆ, ಒಂದು ಹೃದಯದ ಔಷಧಕ್ಕೆ ಅಡ್ಡ, ಇನ್ನೊಂದು ಹೊತ್ತು ಕಳೆಯುವುದು. ಹೆಂಗಸರಲ್ಲಿ ಅಟ್ಯಾಕ್ ಬಂದಾಗ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಬೀಳುವುದೇ ಆಗಬೇಕೆಂದಿಲ್ಲ. ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗ ನೋಯಬಹುದು, ವಾಕರಿಕೆ, ತಣ್ಣನೆ ಬೆವರು, ಉಸಿರು ಕಟ್ಟುವುದು, ಎಂದೂ ಇಲ್ಲದ ಸುಸ್ತು ಇಷ್ಟೇ ಇರಬಹುದು. ‘ನಂಗೇನಾಗಿದೆ, ಗ್ಯಾಸು’ ಎಂದು ತಾವೇ ಹೇಳಿ ಪಾತ್ರೆ ತೊಳೆಯಲು ಹೋಗುವವರು ನಮ್ಮ ಸಂಘಗಳಲ್ಲಿ ಎಷ್ಟಿಲ್ಲ! 108ಕ್ಕೆ ಫೋನ್ ಮಾಡಿ. 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ, ನೋವು ಬಂದ ರಾತ್ರಿ ಕೇಳಲಾಗುವುದಿಲ್ಲ.

ಡಾಕ್ಟರ ಹತ್ತಿರ ಏನು ಕೇಳಬೇಕು

‘ಡಾಕ್ಟರು ಬೈತಾರೆ’ ಎಂಬ ಹೆದರಿಕೆ ನಮ್ಮವರಲ್ಲಿ ಬಹಳ. ಖಾತೆ ತೆರೆಯಲು ಬ್ಯಾಂಕ್ ಮ್ಯಾನೇಜರ ಎದುರು ಕೂತು ಮಾತಾಡಿದವರು ನೀವು, ಇದೇನು ಮಹಾ! ಎಲ್ಲ ಸ್ಟ್ರಿಪ್‌ಗಳನ್ನೂ, ಅಂಗಡಿಯಿಂದ ತಂದದ್ದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ‘ಇವರು ಕ್ಲೋಪಿಡೋಗ್ರೆಲ್ ತಗೋತಾರೆ, ಜೊತೆಗೆ ಒಮೆಪ್ರಜೋಲ್ ಇದೆ. ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸಬಹುದಾ’ ಎಂದು ಕೇಳಿದರೆ ಸಾಕು. ಬೇಡ ಎಂದರೆ ಯಾಕೆ ಎಂದು ಕೇಳಿ, ಕಾರಣ ಇರಬಹುದು. ಊರಿನ ಡಾಕ್ಟರು ಬೇರೆ, ಹೃದಯದ ಡಾಕ್ಟರು ಬೇರೆ ಆಗಿದ್ದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಎರಡೂ ಚೀಟಿ ಒಟ್ಟಿಗೇ ತೋರಿಸಿ. ಲಕ್ವ ಆಗಿ ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೂ ಈ ಮಾತೆಲ್ಲ ಅನ್ವಯಿಸುತ್ತದೆ.

ಕೆಲವರಿಗೆ ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಕೊಟ್ಟಿರುತ್ತಾರೆ. ಅವುಗಳಿಗೆ ಒಮೆಪ್ರಜೋಲ್‌ನಿಂದ ಈ ತೊಂದರೆಯಿಲ್ಲ. ಹಾಗಂತ ‘ನಮಗೂ ಅದನ್ನೇ ಬರೆದುಕೊಡಿ’ ಎಂದು ಹಠ ಹಿಡಿಯಬೇಡಿ. ಅವುಗಳಲ್ಲಿ ರಕ್ತಸ್ರಾವದ ಭಯ ಹೆಚ್ಚು, ಪ್ರಾಸುಗ್ರೆಲ್ ಅಂತೂ ಲಕ್ವ ಆದವರಿಗೆ ಕೊಡುವಂತೆಯೇ ಇಲ್ಲ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ಮನೆಯಲ್ಲಿ ಹೃದಯದ ಅಥವಾ ಲಕ್ವದ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅವರ ಖಾಲಿ ಸ್ಟ್ರಿಪ್‌ಗಳನ್ನು ಮತ್ತು ಡಾಕ್ಟರ ಚೀಟಿಯನ್ನು ತನ್ನಿ. ಔಷಧದ ಹೆಸರು ಕನ್ನಡದಲ್ಲಿ ಬರೆದುಕೊಡಲು ನಮ್ಮ ಆರೋಗ್ಯ ಕಾರ್ಯಕರ್ತೆಯರು ಇರುತ್ತಾರೆ. ತುಂಬಿದ ಸ್ಟ್ರಿಪ್ ತರಬೇಡಿ, ಅದು ಮನೆಯಲ್ಲೇ ಇರಲಿ. ಆ ಹೊತ್ತಿನ ಮಾತ್ರೆ ತಪ್ಪಿಹೋದೀತು.